ದೂರಸ್ಥಳದಿಂದ ಮನೆಯ ಸರ್ವರ್ ಪ್ರವೇಶ: ದೋಷನಿರ್ಣಯದ ಕ್ರಮ

ಮನೆಯಲ್ಲಿರಿಸಿದ ಕಂಪ್ಯೂಟರನ್ನು ಸರ್ವರ್ ಆಗಿ ನಡೆಸುವವರು ಪರಸ್ಥಳದಿಂದ ಅದರೊಳಕ್ಕೆ ಪ್ರವೇಶಿಸಲು ಸಾಮಾನ್ಯವಾಗಿ ಬಳಸುವ ಸಾಧನ ಎಸ್‌ಎಸ್‌ಎಚ್. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳ ಅಪಹರಣ ನಡೆದ ಬಳಿಕ, 1995ರಲ್ಲಿ ತಾತು ಯ್ಲೊನೆನ್ ಎಂಬುವರು ಇದನ್ನು ರಚಿಸಿದರು. ಇಂದು ಬಹುವಾಗಿ ಬಳಕೆಯಲ್ಲಿರುವುದು 1999ರಲ್ಲಿ ಹೊರಬಂದ ಓಪನ್‌ಎಸ್‌ಎಸ್‌ಎಚ್.

ಪ್ರವೇಶ ದೊರೆಯದಿದ್ದಾಗ ಕಂಡ ಕಂಡ ಸೆಟ್ಟಿಂಗುಗಳನ್ನೆಲ್ಲ ಬದಲಿಸುವ ಪದ್ಧತಿಯುಂಟು. ಅದರಿಂದ ಮೂಲದೋಷದೊಡನೆ ಹೊಸ ದೋಷಗಳೂ ಸೇರುತ್ತವೆ. ಕಾರ್ಯದಿಂದ ಕಾರಣಕ್ಕೆ ಹೋಗುವ ಅನುಮಾನಕ್ರಮವೇ ಇಲ್ಲಿಯೂ ಸಲ್ಲುತ್ತದೆ. ಯಂತ್ರವು ಕೊಡುವ ಉತ್ತರದಲ್ಲಿಯೇ ದೋಷಸ್ಥಾನದ ಸೂಚನೆಯಿರುತ್ತದೆ.

‘ಪರ್ಮಿಷನ್ ಡಿನೈಡ್’ ಎಂಬ ಉತ್ತರ ಬಂದರೆ ಮಾರ್ಗವೆಲ್ಲ ನಿರ್ದುಷ್ಟವೆಂದೇ ತಿಳಿಯಬೇಕು. ಒಪ್ಪಿಗೆಯಾಗದಿರುವುದು ಗುರುತು ಮಾತ್ರ. ಬಳಕೆದಾರನ ಹೆಸರು ತಪ್ಪಿರಬಹುದು, ಇಲ್ಲವೆ ಕೀಲಿಯ ಕಡತವನ್ನು ಇತರರೂ ತಿದ್ದಬಹುದಾದಷ್ಟು ಸಡಿಲವಾಗಿ ಇರಿಸಿರಬಹುದು. ಹಾಗಿದ್ದಲ್ಲಿ ಸರ್ವರ್ ಸರಿಯಾದ ಕೀಲಿಯನ್ನೂ ತಿರಸ್ಕರಿಸುತ್ತದೆ. ಎಸ್‌ಎಸ್‌ಎಚ್ ಫೋಲ್ಡರಿಗೆ 700, ಅಂಗೀಕೃತ ಕೀಲಿಗಳ ಕಡತಕ್ಕೆ 600 ಎಂಬ ಅನುಮತಿಗಳು ಯುಕ್ತವಾದವು.

‘ಕನೆಕ್ಷನ್ ರೆಫ್ಯೂಸ್ಡ್’ ಎಂಬುದು ಬೇರೆ. ಆ ವಿಳಾಸದಲ್ಲಿ ಯಾವುದೋ ಯಂತ್ರವಿದೆ, ಉತ್ತರವನ್ನೂ ಕೊಟ್ಟಿದೆ. ಆದರೆ 22ನೆಯ ಪೋರ್ಟಿನಲ್ಲಿ ಕರೆಯನ್ನು ಆಲಿಸುವವರಿಲ್ಲ. ಸೇವೆ ಆರಂಭವಾಗಿಲ್ಲ ಅಥವಾ ಪೋರ್ಟ್ ಬದಲಾಗಿದೆ.

ಹೆಚ್ಚು ತೊಡಕಾದುದು ‘ಟೈಮ್ಡ್ ಔಟ್’, ಅಂದರೆ ಮೌನ. ಮನೆಯೊಳಗಿನ ಮತ್ತೊಂದು ಯಂತ್ರದಿಂದ ಪ್ರವೇಶ ದೊರೆಯುವುದೇ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ದೊರೆತರೆ ದೋಷವು ರೌಟರಿನಲ್ಲಿ ಅಥವಾ ಅದರಾಚೆಗೆ. 192.168 ಎಂದು ತೊಡಗುವ ವಿಳಾಸ ಮನೆಯೊಳಗೆ ಮಾತ್ರ ಸಲ್ಲುವಂಥದು. ಹೊರಗಿನ ಕರೆಯನ್ನು ಸರ್ವರಿಗೆ ಒಪ್ಪಿಸಲು ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಬೇಕು. ಅದಿದ್ದೂ ಮೌನವೇ ಆದರೆ ರೌಟರಿನ ಹೊರವಿಳಾಸವನ್ನು ನೋಡಬೇಕು. ಅದು 100.64ರಿಂದ 100.127ರವರೆಗಿನ ವರ್ಗಕ್ಕೆ ಸೇರಿದ್ದರೆ, ಇಂಟರ್ನೆಟ್ ಕಂಪನಿಯು ಹಲವು ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿದೆ ಎಂದರ್ಥ. ಈ ವರ್ಗವನ್ನು 2012ರಲ್ಲಿ ಅದಕ್ಕಾಗಿಯೇ ಮೀಸಲಿಡಲಾಯಿತು. ಆಗ ರೌಟರಿನಲ್ಲಿ ಎಷ್ಟು ತಿದ್ದಿದರೂ ವ್ಯರ್ಥವೇ. ಕಂಪನಿಯಿಂದ ಸಾರ್ವಜನಿಕ ವಿಳಾಸವನ್ನು ಕೇಳಿ ಪಡೆಯಬೇಕು, ಐಪಿವಿ6 ಇದ್ದರೆ ಅದನ್ನು ಬಳಸಬೇಕು, ಇಲ್ಲವೆ ವಿಪಿಎನ್ ಮಾರ್ಗವನ್ನು ಹಿಡಿಯಬೇಕು. ಪರೀಕ್ಷೆಯನ್ನು ಮೊಬೈಲ್ ಜಾಲದಿಂದ ಮಾಡುವುದು ಲೇಸು. ಮನೆಯೊಳಗಿಂದಲೇ ಹೊರವಿಳಾಸಕ್ಕೆ ಕರೆದರೆ ಕೆಲವು ರೌಟರುಗಳು ಅದನ್ನು ಹಿಂದಿರುಗಿಸುವುದಿಲ್ಲ.

ಸರ್ವರಿನ ಗುರುತು ಬದಲಾಗಿದೆಯೆಂಬ ಎಚ್ಚರಿಕೆಯನ್ನು ಮಾತ್ರ ಇವುಗಳ ಸಾಲಿಗೆ ಸೇರಿಸಲಾಗದು. ಸರ್ವರನ್ನು ಹೊಸದಾಗಿ ಸ್ಥಾಪಿಸಿದ್ದರೆ ಅದು ಸಹಜ. ಹಾಗಿಲ್ಲದಿದ್ದರೆ ನಡುವೆ ಅನ್ಯರು ನಿಂತಿರಬಹುದು. ಹಳೆಯ ಗುರುತನ್ನು ಅಳಿಸಿ ಮುಂದುವರಿಯಿರೆಂಬ ಸಲಹೆ ಬಹಳವಾಗಿ ಕೇಳಿಬರುತ್ತದೆ. ಗುರುತನ್ನು ತಾಳೆ ನೋಡದೆ ಹಾಗೆ ಮಾಡುವುದು ಈ ಸಾಧನದ ಉದ್ದೇಶವನ್ನೇ ಕೆಡಿಸಿದಂತೆ.

ದೂರದಿಂದಲೇ ಸರ್ವರಿನ ಸೆಟ್ಟಿಂಗುಗಳನ್ನು ತಿದ್ದುವಾಗ, ತೆರೆದಿರುವ ಸಂಪರ್ಕವನ್ನು ಮುಚ್ಚದೆ ಮತ್ತೊಂದು ಕಿಟಕಿಯಿಂದ ಹೊಸ ಪ್ರವೇಶವನ್ನು ಪರೀಕ್ಷಿಸಬೇಕು. ಸೇವೆಯನ್ನು ಪುನಃ ಆರಂಭಿಸಿದರೂ ಹಳೆಯ ಸಂಪರ್ಕ ಸಾಮಾನ್ಯವಾಗಿ ಉಳಿದಿರುತ್ತದೆ. ತಿದ್ದುಪಡಿ ತಪ್ಪಾಗಿದ್ದರೆ ಅದರ ಮೂಲಕವೇ ಹಿಂದಿನ ಸ್ಥಿತಿಗೆ ತರಬಹುದು.