ಕೈಕೀಲು ನೋವಿನ ಅಕ್ಕಂದಿರಿಗೆ ಕೌದಿಯ ಕೆಲಸ

ಕಬ್ಬು, ಅರಿಷಿಣ, ಗೋವಿನಜೋಳದ ಮಾತು ಬಿಟ್ಟು ಈ ಒಕ್ಕಲುತನದ ಮನುಷ್ಯ ಈಹೊತ್ತು ಕೌದಿಯ ಮಾತು ಯಾಕೆ ತೆಗೆದ ಎಂದು ನೀವು ಕೇಳಬಹುದು. ಅದಕ್ಕೆ ಕಾರಣವಿದೆ. ಅಥಣಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿರುವ ಸತ್ತಿಗೆ ಕಬ್ಬು ನೋಡಲು ಹೋಗಿದ್ದೆ. ಕಳೆ ತೆಗೆಯುವ ದಿನಗಳು. ಊರೆಲ್ಲ ಹೊಲದಲ್ಲಿದ್ದಾಗ ಒಬ್ಬ ಅಕ್ಕ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು.

“ಯಾಕ ಅಕ್ಕಾರ, ಹೊಲಕ್ಕ ಹೋಗಿಲ್ಲೇನು?” ಎಂದೆ.

“ಎಲ್ಲೀ ಹೊಲಾರೀ ಸಾಹೇಬರ. ಮುಂಜಾನೆ ಎದ್ದಕೂಡ್ಲೆ ಮುಷ್ಟಿ ಮುಚ್ಚಂಗಿಲ್ಲ. ಕುರ್ಪಿ ಹಿಡಿಯೂದ್ಹೆಂಗ? ಕುಂತು ಉಣ್ಣೂದಾಗೇತಿ ನೋಡ್ರಿ.”

ಕೈಯ ನೋವಿಗಿಂತ ಆ ಕಡೆಯ ಮಾತೇ ಅವರನ್ನು ಹೆಚ್ಚು ತಿನ್ನುತ್ತಿತ್ತು.

ಅವರಿಗಿದ್ದದ್ದು ಕೀಲುಗಳು ಬಾಯುವ ಸಂಧಿವಾತ. ಇದು ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಇದರ ಗುಣವೇನೆಂದರೆ, ಬೆಳಿಗ್ಗೆ ಎದ್ದಾಗ ಒಂದು ತಾಸೋ ಅದಕ್ಕೂ ಹೆಚ್ಚೋ ಬೆರಳುಗಳು ಬಿಗಿದುಕೊಂಡಿರುತ್ತವೆ. ಹೊತ್ತು ಏರಿದಂತೆ ಸಡಿಲಾಗುತ್ತವೆ. ಕೆಲವು ವಾರ ಚೆನ್ನಾಗಿ, ಕೆಲವು ವಾರ ಕೆಟ್ಟು, ಹೀಗೆ ನಡೆಯುತ್ತದೆ. ಅಂದಮೇಲೆ ಆ ಅಕ್ಕನ ಕೈಯಲ್ಲಿ ದಿನಕ್ಕೆ ಮೂರು ತಾಸಿನ ಕೆಲಸ ಇದ್ದೇ ಇದೆ. ಆದರೆ ಹೊಲದ ಕೂಲಿಗೆ ಬೆಳಿಗ್ಗೆಯೇ ಹಾಜರಾಗಬೇಕು, ಸಾಲಿನಲ್ಲಿ ಎಲ್ಲರ ಜೋಡಿ ಸಾಗಬೇಕು. ಮೂರು ತಾಸಿನ ಕೈಯನ್ನು ಯಾರೂ ಕರೆಯುವುದಿಲ್ಲ. ಕೌದಿಯನ್ನಾದರೋ ನಡುವೆ ಮಡಿಚಿಡಬಹುದು. ಎಂಟು ದಿನ ಬಿಟ್ಟು ಬಿಚ್ಚಿದರೂ ಹೊಲಿಗೆ ಬಿಟ್ಟಲ್ಲಿಂದಲೇ ಮುಂದೆ ಸಾಗುತ್ತದೆ. ಹಳೆಯ ನೂಲಿನ ಸೀರೆ, ಧೋತರ ಮನೆಯಲ್ಲೇ ಸಿಗುತ್ತವೆ. ಕಲಿಸುವವರೂ ಮನೆಯಲ್ಲೇ ಇದ್ದಾರೆ. ನಮ್ಮ ಕಡೆ ಕೌದಿ ಹೊಲಿಯದ ಅಜ್ಜಿ ಯಾರು?

ಆದರೂ ಮೊದಲ ಸಲ ಆ ಅಕ್ಕ ಕೈ ಸುಟ್ಟುಕೊಂಡರು. ಪ್ಯಾಟಿಯ ಒಬ್ಬ ವ್ಯಾಪಾರಿ ನಾಲ್ಕು ಕೌದಿ ಹೇಳಿ, ಇಂಥ ತಾರೀಖಿಗೆ ಬೇಕೇಬೇಕು ಎಂದ. ಅಕ್ಕ ದೀಪ ಹಚ್ಚಿಕೊಂಡು ರಾತ್ರಿಯೂ ಹೊಲಿದರು. ದವಾಖಾನೆಗೆ ಹೋದರೆ ಒಂದು ದಿನ ಕೆಡುತ್ತದೆಂದು ಮಾತ್ರೆಯನ್ನೂ ತರಲಿಲ್ಲ. ಮೂರನೆಯ ಕೌದಿಗೆ ಮಣಿಕಟ್ಟು ಬಾತು ನಿಂತಿತು; ಎಂಟು ದಿನ ಚರಿಗೆ ಎತ್ತಲಾಗಲಿಲ್ಲ. ದುಡಿದದ್ದಕ್ಕಿಂತ ಔಷಧಕ್ಕೆ ಹೋದದ್ದು ಹೆಚ್ಚು. ಈ ರೋಗದಲ್ಲಿ ಮಾತ್ರೆ ಬರೀ ನೋವಿಗಲ್ಲ, ಕೀಲು ಕೊರೆದುಹೋಗದಂತೆ ತಡೆಯಲಿಕ್ಕೂ ಇದೆ. ನೋವು ಇಳಿಯಿತೆಂದು ಬಿಟ್ಟರೆ ಒಳಗೆ ಕೊರೆತ ಸಾಗಿಯೇ ಇರುತ್ತದೆ. ಒಮ್ಮೆ ಸೊಟ್ಟಾದ ಬೆರಳು ಮಾತ್ರೆಯಿಂದ ನೆಟ್ಟಗಾಗುವುದಿಲ್ಲ. ಕೆಲವರಿಗೆ ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ ಕೊಟ್ಟಿರುತ್ತಾರೆ. ಅದನ್ನು ದಿನಾಲು ನುಂಗಿದರೆ ಜೀವಕ್ಕೇ ಅಪಾಯ. ವಾರ ಯಾವುದೆಂದು ಗೋಡೆಗೆ ಬರೆದಿಡಿರಿ.

ಈಗ ಹೊಲಿಯುವ ರೀತಿ. ನೆಲದ ಮೇಲೆ ಬಗ್ಗಿ ಕೂಡಬೇಡಿರಿ. ಕೌದಿಯನ್ನು ಹೊರಸಿನ ಮೇಲೋ ಕಟ್ಟೆಯ ಮೇಲೋ ಹರವಿರಿ. ಐದು ಪದರ ಬೇಡ, ಮೂರು ಸಾಕು. ಪದರ ಹೆಚ್ಚಾದಷ್ಟೂ ಸೂಜಿ ದೂಡಲು ಹೆಬ್ಬೆರಳಿನ ಬುಡಕ್ಕೆ ಭಾರ ಬೀಳುತ್ತದೆ. ದೊಡ್ಡ ಕಣ್ಣಿನ ಉದ್ದ ಸೂಜಿ ಇರಲಿ, ದರ್ಜಿಯವರು ಬೆರಳಿಗೆ ಹಾಕುವ ಲೋಹದ ಟೊಪ್ಪಿಗೆ ಇರಲಿ. ಅರ್ಧ ತಾಸಿಗೊಮ್ಮೆ ಸೂಜಿ ಕೆಳಗಿಟ್ಟು ಬೆರಳು ಬಿಚ್ಚಿ ಮುಚ್ಚಿರಿ. ಕೀಲು ಕೆಂಪಾಗಿ ಬಿಸಿಯಾಗಿದ್ದ ದಿನ ಹೊಲಿಗೆಯೇ ಬೇಡ.

ಲೆಕ್ಕವನ್ನು ಮುಚ್ಚಿಡದೆ ಹೇಳುತ್ತೇನೆ. ಮಾತಿಗೆ ಒಂದು ಕೌದಿಗೆ 1,200 ರೂಪಾಯಿ ಬಂತೆನ್ನಿ. ದಾರ, ಸೂಜಿ, ಅಂಚಿನ ಬಟ್ಟೆಗೆ 150 ಹೋಯಿತು. ಉಳಿದದ್ದು 1,050. ದಿನಕ್ಕೆ 3 ತಾಸಿನಂತೆ 14 ದಿನ ಹಿಡಿದರೆ 42 ತಾಸು. ತಾಸಿಗೆ 25 ರೂಪಾಯಿ ಬಿತ್ತು. ಇದರಿಂದ ಮನೆ ನಡೆಯದು. ಔಷಧ, ಬಸ್ಸಿನ ಚಾರ್ಜು ನಡೆದೀತು, ಕೈಯಲ್ಲಿ ನಾಲ್ಕು ಕಾಸು ಉಳಿದೀತು. ಕೌದಿಗಾಗಿ ಸಾಲ ಮಾಡಬಾರದೆಂದು ನನ್ನ ಖಡಾಖಂಡಿತ ಮಾತು. 2023ರ ಸಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸಬುಗಳಲ್ಲಿ ಕೌದಿಯ ಹೆಸರಿಲ್ಲ. ಪಾದರಕ್ಷೆ, ದರ್ಜಿ ಕೆಲಸ, ಬುಟ್ಟಿ-ಚಾಪೆ-ಕಸಬರಿಗೆ, ಹೂಮಾಲೆ ಇವೆ; ಆ ಕೆಲಸದವರು ಈಗ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಎಂದು ವಿಚಾರಿಸಿ ನೋಡಿರಿ. ಕುಟುಂಬಕ್ಕೆ ಒಬ್ಬರಿಗೇ ಅವಕಾಶ. ಗಂಡನ ಹೆಸರಲ್ಲಿ ಹಾಕುವ ಮುಂಚೆ ಮನೆಯಲ್ಲಿ ಮಾತಾಡಿರಿ.

ಪಾದರಕ್ಷೆ ಎಂದಾಗ ಅಥಣಿಯ ಹೆಸರು ಬರಲೇಬೇಕು. ಜನ ಕೊಲ್ಲಾಪುರಿ ಚಪ್ಪಲಿ ಎಂದು ಕೊಳ್ಳುವುದರಲ್ಲಿ ಅಥಣಿ ಭಾಗದ್ದೂ ಬಹಳ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೋಡಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಇದೇ ತರದ ಚಪ್ಪಲಿ ತೋರಿಸಿ, ಮೂಲ ಹೇಳದೆ ಹೋಗಿ ಮಾತು ಕೇಳಿಸಿಕೊಂಡಿತು. ಇದರಲ್ಲಿ ತೆಳು ಚರ್ಮದ ಪಟ್ಟಿ ಹೆಣೆಯುವ ಕೆಲಸ ಹೆಚ್ಚಾಗಿ ಹೆಂಗಸರದು. ಕೈಕೀಲಿನವರಿಗೆ ಇದು ಕಷ್ಟ, ಆರಿ ಹಿಡಿಯುವುದು ಇನ್ನೂ ಕಷ್ಟ. ಕೈ ಗಟ್ಟಿಯಿದ್ದು ಬೇರೆ ಜಡ್ಡಿನಿಂದ ಬಿಸಿಲಿಗೆ ಹೋಗಲಾಗದವರಿಗೆ ಹೊಂದುತ್ತದೆ.

ದಮ್ಮಿನ ರೋಗದವರ ಮಾತೇ ಬೇರೆ. ನಿಪ್ಪಾಣಿ ಕಡೆ ‘ನೆರಳಿನ ಕೆಲಸ’ವೆಂದು ಅಂಥವರನ್ನು ಬೀಡಿ ಕಟ್ಟಲು ಕೂಡಿಸುತ್ತಾರೆ. ತಂಬಾಕಿನ ಧೂಳು ಅವರಿಗೆ ವಿಷ. ಹಳೆ ಬಟ್ಟೆಯ ಧೂಳೂ ಒಳ್ಳೆಯದಲ್ಲ. ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಒಣಗಿಸಿದ ಮೇಲೆಯೇ ಅವರ ಕೈಗೆ ಕೊಡಿರಿ, ಹರಿಯುವ ಕೆಲಸ ಬೇರೆಯವರು ಅಂಗಳದಲ್ಲಿ ಮಾಡಲಿ. ಸಕ್ಕರೆ ರೋಗದಲ್ಲಿ ಬೆರಳ ತುದಿಗೆ ಸ್ಪರ್ಶ ತಪ್ಪಿದ್ದರೆ ಸೂಜಿ ಚುಚ್ಚಿದ್ದೂ ತಿಳಿಯದು. ಕೆಲಸ ಮುಗಿದಮೇಲೆ ಬೆರಳು ನೋಡಿಕೊಳ್ಳಬೇಕು, ವರುಷಕ್ಕೊಮ್ಮೆ ಕಣ್ಣು ತೋರಿಸಬೇಕು. ಎಚ್.ಐ.ವಿ. ಇರುವ ತಂಗಿ ಹೊಲಿದ ಕೌದಿಯನ್ನು ಹೊದೆಯಲು ಅಂಜುವವರಿದ್ದಾರೆ. ಬಟ್ಟೆಯಿಂದ ಆ ರೋಗ ಅಂಟುವುದಿಲ್ಲ. ಅದರ ಮಾತ್ರೆ 2004ರಿಂದ ಸರಕಾರದ ದವಾಖಾನೆಗಳಲ್ಲಿ ಪುಕ್ಕಟೆ ಸಿಗುತ್ತಿದೆ.

ಸತ್ತಿಯ ಅಕ್ಕ ಈಗ ತಾರೀಖು ಕೊಡುವುದಿಲ್ಲ. ಅರ್ಧ ಹಣ ಮೊದಲೇ ಇಸಿದುಕೊಳ್ಳುತ್ತಾರೆ. ಮೊನ್ನೆ ಯಾರೋ ದೀಪಾವಳಿಗೆ ಬೇಕೆಂದಾಗ, “ಕೈ ಕೇಳಿದ್ರ ದೀಪಾವಳಿಗೆ, ಇಲ್ಲಂದ್ರ ಸಂಕ್ರಾಂತಿಗೆ. ಒಪ್ಪಿಗೆ ಇದ್ರ ಬಟ್ಟಿ ಇಟ್ಟು ಹೋಗ್ರಿ” ಅಂದರು. ಅವರು ಇಟ್ಟು ಹೋದರು.