ಹಳೆಯ ಹಾಯಿದೋಣಿಯ ದನಿ ಕೇಳಿ

ಮುಂಬೈನಿಂದ 1985ರ ಸೆಪ್ಟೆಂಬರ್‌ನಲ್ಲಿ ಹೊರಟ ‘ತೃಷ್ಣಾ’ 1987ರ ಜನವರಿಯಲ್ಲಿ ಮತ್ತೆ ಮುಂಬೈ ಮುಟ್ಟಿತು. ಹಾಯಿದೋಣಿಯಲ್ಲಿ ಭೂಮಿ ಸುತ್ತಿಬಂದ ಮೊದಲ ಭಾರತೀಯರೆಂಬ ಹೆಸರು ನಮ್ಮ ಸೇನೆಯ ಎಂಜಿನಿಯರುಗಳದಾಯಿತು. ಆ ಯಾನದ ನೆನಪಿಗೆ ಅಂಚೆಚೀಟಿಯೂ ಬಂತು. ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆ: ತೃಷ್ಣಾ ಹೊಸ ದೋಣಿಯಲ್ಲ. 37 ಅಡಿಯ ಆ ದೋಣಿಯನ್ನು ಸೇನೆ ಕೊಂಡಾಗಲೇ ಅದು ಬೇರೆಯವರ ಕೈಯಲ್ಲಿ ಓಡಿ ಹಳತಾಗಿತ್ತು.

ನಮ್ಮ ಚಿಕ್ಕಬಳ್ಳಾಪುರಕ್ಕೆ ಸಮುದ್ರವಿಲ್ಲ. ನಂದಿಯ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರಿನ ಕಡೆ ಹರಿಯುವ ಉತ್ತರ ಪಿನಾಕಿನಿ ನೆಲ್ಲೂರಿನಾಚೆ ಬಂಗಾಳ ಕೊಲ್ಲಿ ಸೇರುತ್ತದಾದರೂ ಇಲ್ಲಿ ವರ್ಷದ ಬಹುಕಾಲ ಕಾಣುವುದು ಬರೀ ಮರಳು. ಹಾಗೆಂದು ಚಿಂತಾಮಣಿಯ, ಶಿಡ್ಲಘಟ್ಟದ ಹುಡುಗ ಹುಡುಗಿಯರಿಗೆ ಹಾಯಿ ದೂರದ ಮಾತಾಗಬೇಕಿಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು ಹಾಯಿ ಬಿಚ್ಚುತ್ತಾರೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ ಇದೆ. ಇದು ಸಿರಿವಂತರ ಆಟ ಎಂಬ ಅಳುಕನ್ನು ಮುರಿಯಬಲ್ಲದ್ದು ಕೈಬದಲಿಸಿದ ಸಣ್ಣ ದೋಣಿಯೇ ಎಂದು ನಾನು ನಂಬಿದ್ದೇನೆ.

ಕಲಿಯಲು ಲೇಸರ್ ಸಾಕು. ಒಬ್ಬರೇ ನಡೆಸುವ ಈ ದೋಣಿಯ ಉದ್ದ 4.23 ಮೀಟರ್, ಒಡಲಿನ ತೂಕ 59 ಕಿಲೋ. ಇಬ್ಬರು ಎತ್ತಿ ನೀರಿಗಿಳಿಸಬಹುದು. ಕ್ಲಬ್ಬಿನ ಪಂದ್ಯದಲ್ಲಿ ಎಲ್ಲರದೂ ಒಂದೇ ಅಳತೆಯ ದೋಣಿಯಾದ್ದರಿಂದ ಗಾಳಿ ಓದಬಲ್ಲವರು ಹಳೆಯದರಲ್ಲೂ ಮುಂದೆ ಬರುತ್ತಾರೆ.

ಕರಾವಳಿಯುದ್ದಕ್ಕೂ ಹೋಗುವ ಆಸೆಯಿದ್ದರೆ ಮಲಗಲು ಪುಟ್ಟ ಕೋಣೆಯೂ ಅಡಿಯಲ್ಲಿ ದೋಣಿ ಮಗುಚದಂತೆ ಹಿಡಿಯುವ ಭಾರದ ಕೀಲೂ ಇರುವ, ಇಪ್ಪತ್ತೈದು ಅಡಿಯ ಆಸುಪಾಸಿನ ದೋಣಿ ಬೇಕು. ಇಲ್ಲಿ ಪರೀಕ್ಷೆ ಕಟ್ಟುನಿಟ್ಟಾಗಬೇಕು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೀಲರು ರೇಷ್ಮೆಗೂಡನ್ನು ಕಿವಿಯ ಬಳಿ ಅಲುಗಿಸಿ ನೋಡುವಂತೆ, ಫೈಬರ್‌ಗ್ಲಾಸಿನ ಒಡಲನ್ನೂ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಬೇಕು. ಗಟ್ಟಿಯಿದ್ದಲ್ಲಿ ದನಿ ಚುರುಕಾಗಿರುತ್ತದೆ. ಮಂಕಾಗಿ ಕೇಳಿದರೆ ಪದರಗಳು ಬಿಟ್ಟುಕೊಂಡಿವೆ, ಇಲ್ಲವೇ ಒಳಗೆ ನೀರು ಸೇರಿದೆ. ಕೀಲನ್ನು ಹಿಡಿದಿರುವ ಬೋಲ್ಟುಗಳ ಸುತ್ತ ತುಕ್ಕಿನ ಕಲೆಯಿದೆಯೇ? ಕೂವೆಮರವನ್ನು ನಿಲ್ಲಿಸಿರುವ ಉಕ್ಕಿನ ತಂತಿಯಲ್ಲಿ ಒಂದೆಳೆ ಮುರಿದಿದ್ದರೂ ಅದನ್ನು ಬದಲಿಸಲೇಬೇಕು. ತಂತಿ ಕಡಿದರೆ ಮರವೇ ಉರುಳುತ್ತದೆ. ಹಾಯಿಯ ಬಟ್ಟೆಗೆ ಬಿಸಿಲೇ ಶತ್ರು. ಬಿಸಿಲುಂಡು ಜೋತುಬಿದ್ದ ಹಾಯಿ ಗಾಳಿಗೆದುರಾಗಿ ಏರಲಾರದು, ಪಂದ್ಯವಂತೂ ಗೆಲ್ಲಲಾರದು. ಮಾರುವವರು ಹೊಸ ಬಣ್ಣ ತೋರಿಸಿದರೆ ನಾನಂತೂ ಮೊದಲು ಹಾಯಿಯನ್ನು ನೆಲದ ಮೇಲೆ ಹರಡಲು ಹೇಳುತ್ತೇನೆ. ಹೊಸ ಹಾಯಿ, ಹೊಸ ತಂತಿಗಳ ಖರ್ಚನ್ನು ಕೂಡಿಸಿದ ಮೇಲೆಯೇ ದೋಣಿಯ ನಿಜವಾದ ಬೆಲೆ ತಿಳಿಯುವುದು.

ನಮ್ಮ ಕರಾವಳಿ ಸುಮಾರು 320 ಕಿಲೋಮೀಟರ್. ಮಳೆಗಾಲ ಕಳೆದ ತಿಂಗಳುಗಳಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ತೆಳುಗಾಳಿ, ಮಧ್ಯಾಹ್ನ ವಾಯವ್ಯದಿಂದ ಕಡಲಗಾಳಿ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಬೇಡ. ಆದರೆ ಮಲ್ಪೆ, ಗಂಗೊಳ್ಳಿಯಂಥ ಬಂದರುಗಳು ಮೀನುಗಾರರ ದುಡಿಮೆಯ ಜಾಗ. ಲಂಗರು ಹಾಕುವ ಮೊದಲು ಅಲ್ಲಿಯವರನ್ನು ಕೇಳಿ ಅನುಮತಿ ಪಡೆಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಣ್ಣ ದೋಣಿಗೆ ಕಡಲು ಸಲ್ಲದು. ಕೊಳ್ಳುವ ಮಾತುಕತೆಗೆ ಆ ತಿಂಗಳುಗಳೇ ವಾಸಿ: ದೋಣಿ ದಡದ ಮೇಲಿರುತ್ತದೆ, ತಳವನ್ನು ಬಗ್ಗಿ ನೋಡಬಹುದು.