‘ಕ್ವೈಟ್’ನಿಂದ ‘ಜಿಟಿಜಿಟಿ’ಯವರೆಗೆ: ಕ್ರಿಯಾವಿಶೇಷಣ ಕಲಿತ ಕಥೆ

ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರಿಗೆ ಒಂಬತ್ತು ವರ್ಷದ ಮಗಳ ಮನೆಪಾಠ ಹೇಳಿಕೊಡುವುದು ಏನು ಮಹಾ ಎಂದು ನಾವು ತಿಳಿದಿದ್ದೆವು. ಒಂದು ಸಂಜೆ ಅವಳು ಶಾಲೆಯಿಂದ ಬಂದವಳೇ, “ಅಪ್ಪ, ಫ್ರಂಟೆಡ್ ಅಡ್ವರ್ಬಿಯಲ್ ಅಂದ್ರೇನು?” ಎಂದು ಕೇಳಿದಳು. ನಾವು ಕನ್ನಡಕ ತೆಗೆದು ಒರೆಸಿಕೊಂಡೆವು. ಒರೆಸಿದ್ದರಿಂದ ಉತ್ತರವೇನೂ ಕಾಣಿಸಲಿಲ್ಲ!

ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮದ ಪ್ರಕಾರ 2014ರಿಂದ ನಾಲ್ಕನೆಯ ವರ್ಷದ ಮಕ್ಕಳು ಇದನ್ನು ಹೆಸರು ಹಿಡಿದು ಕಲಿಯಬೇಕು. ವಾಕ್ಯದ ಮೊದಲಿಗೇ ‘ಯಾವಾಗ, ಎಲ್ಲಿ, ಹೇಗೆ’ ಎಂಬುದನ್ನು ಹೇಳುವ ಪದಗಳನ್ನು ಇಡುವುದು, ಇಷ್ಟೇ ವಿಷಯ. ನಾವು ಕನ್ನಡಿಗರು ಹುಟ್ಟಿದಾಗಿನಿಂದ ಮಾಡುತ್ತಿರುವುದೂ ಇದನ್ನೇ. “ನಿನ್ನೆ ಸಂಜೆ ಕೆರೆಯ ಏರಿಯ ಮೇಲೆ ಮೆಲ್ಲಗೆ ನಡೆದೆವು” ಎನ್ನುವಾಗ ಕ್ರಿಯಾಪದ ಕೊನೆಗೆ ಬರುತ್ತದೆ. ಉಳಿದವೆಲ್ಲ ಅದಕ್ಕೆ ಮುಂಚೆ ಸಾಲಾಗಿ ನಿಲ್ಲುತ್ತವೆ. ಕಷ್ಟವಿರುವುದು ಇಂಗ್ಲಿಷಿನಲ್ಲಿ. ಅಲ್ಲಿ ಈ ಪದಗಳು ಮೊದಲೂ ಬರಬಹುದು, ನಡುವೆಯೂ ಬರಬಹುದು, ಕೊನೆಗೂ ಬರಬಹುದು. ಜಾಗ ಬದಲಾದರೆ ಕೆಲವೊಮ್ಮೆ ಅರ್ಥವೂ ಬದಲಾಗುತ್ತದೆ.

ಈ ಪಾಠದಿಂದ ನಮ್ಮ ಹಳೆಯ ಗಾಯವೊಂದು ನೆನಪಾಯಿತು. ಈ ದೇಶಕ್ಕೆ ಬಂದ ಹೊಸತರಲ್ಲಿ ನಮ್ಮ ಮೊದಲ ಸಂಶೋಧನಾ ವರದಿಯ ಮೇಲೆ ಮಾರ್ಗದರ್ಶಕರು ‘ಕ್ವೈಟ್ ಗುಡ್’ ಎಂದು ಬರೆದಿದ್ದರು. ‘ಬಹಳ ಚೆನ್ನಾಗಿದೆ’ ಎಂದು ಅರ್ಥ ಮಾಡಿಕೊಂಡು ಮನೆಯಲ್ಲಿ ಕೇಸರಿಬಾತು ಮಾಡಿಸಿ ಸ್ನೇಹಿತರನ್ನೂ ಕರೆದೆವು. ಇಲ್ಲಿಯವರ ಬಾಯಲ್ಲಿ ಅದಕ್ಕೆ ‘ಪರವಾಗಿಲ್ಲ’ ಎಂಬಷ್ಟೇ ಅರ್ಥವೆಂದು ತಿಳಿಯಲು ಆರು ತಿಂಗಳು ಹಿಡಿಯಿತು. ಅಷ್ಟರೊಳಗೆ ಅದೇ ಧಾಟಿಯಲ್ಲಿ ಎರಡನೆಯ ವರದಿಯನ್ನೂ ಬರೆದು ಕೊಟ್ಟಿದ್ದೆವು. ಅದು ಪೂರ್ತಿ ತಿದ್ದುಪಡಿಗೆ ವಾಪಸು ಬಂತು. ಅದೇ ‘ಕ್ವೈಟ್’ ಎಂಬ ಪದ ‘ಇಂಪಾಸಿಬಲ್’ ಎಂಬುದರ ಮುಂದೆ ನಿಂತರೆ ‘ಸಂಪೂರ್ಣವಾಗಿ’ ಎಂಬ ಅರ್ಥ ಕೊಡುತ್ತದೆ. ಹೆಚ್ಚು ಕಡಿಮೆ ಎಂಬ ಮಟ್ಟಗಳಿರುವ ಗುಣದ ಮುಂದೆ ಬಂದರೆ ಅಳತೆ ತಗ್ಗುತ್ತದೆ. ಮಟ್ಟಗಳಿಲ್ಲದ ಗುಣದ ಮುಂದೆ ಬಂದರೆ ಪೂರ್ತಿಯಾಗುತ್ತದೆ. ಅಮೆರಿಕದಲ್ಲಿರುವ ಬಂಧುಗಳು ‘ಕ್ವೈಟ್ ಗುಡ್’ ಎಂದರೆ ಮಾತ್ರ ಕೇಸರಿಬಾತಿಗೆ ಅಡ್ಡಿಯಿಲ್ಲ!

ಇನ್ನೊಂದು ಸಲ, ಬಹಳ ಶ್ರಮಪಟ್ಟಿದ್ದೇವೆಂದು ಹೇಳಲು ಹೋಗಿ, “ವಿ ಹ್ಯಾವ್ ವರ್ಕ್ಡ್ ಹಾರ್ಡ್ಲಿ” ಎಂದುಬಿಟ್ಟೆವು. ‘ಸ್ಲೋ’ಗೆ ‘ಲಿ’ ಸೇರಿಸಿದರೆ ‘ಸ್ಲೋಲಿ’ ಆಗುವಂತೆ ‘ಹಾರ್ಡ್’ಗೂ ಸೇರಿಸಿದ್ದೆವು. ‘ಹಾರ್ಡ್ಲಿ’ ಎಂದರೆ ‘ಇಲ್ಲವೆನ್ನುವಷ್ಟು ಕಡಿಮೆ’. ಕೆಲಸವನ್ನೇ ಮಾಡಿಲ್ಲವೆಂದು ನಾವಾಗಿಯೇ ಒಪ್ಪಿಕೊಂಡಂತಾಯಿತು.

ರಸಾಯನಶಾಸ್ತ್ರಜ್ಞರಿಗೆ ಕ್ರಿಯಾವಿಶೇಷಣ ಬರಿಯ ಅಲಂಕಾರವಲ್ಲ. ಆಮ್ಲವನ್ನು ನೀರಿಗೆ ‘ನಿಧಾನವಾಗಿ’ ಸೇರಿಸಬೇಕು ಎಂಬಲ್ಲಿ ಆ ಒಂದು ಪದ ಬಿಟ್ಟುಹೋದರೆ ಪಾತ್ರೆ ಕುದಿದು ಮುಖಕ್ಕೆ ಸಿಡಿದೀತು. 1921ರಿಂದ ಪ್ರಕಟವಾಗುತ್ತಿರುವ ‘ಆರ್ಗ್ಯಾನಿಕ್ ಸಿಂಥೆಸಿಸ್’ ಎಂಬ ಗ್ರಂಥಮಾಲೆಯಲ್ಲಿ ಪ್ರತಿಯೊಂದು ವಿಧಾನವನ್ನೂ ಬೇರೊಂದು ಪ್ರಯೋಗಾಲಯದವರು ಮಾಡಿ ನೋಡಿದ ಮೇಲೆಯೇ ಅಚ್ಚು ಹಾಕುತ್ತಾರೆ. ಹೇಗೆ ಕಲಕಬೇಕು, ಎಷ್ಟು ಬೇಗ ಸುರಿಯಬೇಕು ಎಂಬ ಮಾತುಗಳೇ ಅಲ್ಲಿ ಜೀವಾಳ. ಇಂಗ್ಲಿಷಿನ ರಸಾಯನಜ್ಞರು ಇದಕ್ಕೆಂದೇ ‘ಡ್ರಾಪ್‌ವೈಸ್’ ಎಂಬ ಪದ ಬಳಸುತ್ತಾರೆ. ಅದನ್ನು ಮೊದಲು ಓದಿದಾಗ ನಮಗೆ ನಗು ಬಂತು. ನಮ್ಮ ಅಮ್ಮ ತುಪ್ಪ ಬಡಿಸುತ್ತಿದ್ದದ್ದೇ ‘ಹನಿಹನಿಯಾಗಿ’ ಅಲ್ಲವೇ?

ಆದರೆ ಪ್ರಯೋಗಾಲಯದ ಪುಸ್ತಕಗಳಿಂದ ‘ಕ್ವೈಟ್’ ಕಲಿಯಲಾಗದು. ಶಾಲೆಯಲ್ಲಿ ರೆನ್ ಮತ್ತು ಮಾರ್ಟಿನ್ ವ್ಯಾಕರಣವನ್ನು ನಾವು ಬಾಯಿಪಾಠ ಮಾಡಿದ್ದೆವು. ಪಟ್ಟಿ ಗೊತ್ತಿತ್ತು, ಪ್ರಾಣ ಗೊತ್ತಿರಲಿಲ್ಲ. ಕೊನೆಗೆ ನಮ್ಮನ್ನು ಪಾರುಮಾಡಿದ್ದು ಊರಿನ ಗ್ರಂಥಾಲಯದ ಹಳೆಯ ಕಾದಂಬರಿಗಳು. ನಾವು ಅನುಸರಿಸಿದ ಕ್ರಮ ಹೀಗಿತ್ತು: ದಿನಕ್ಕೊಂದು ವಾಕ್ಯವನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು. ಅದರ ಕ್ರಿಯಾವಿಶೇಷಣವನ್ನು ಕೈಯಿಂದ ಮುಚ್ಚಿ ಓದುವುದು. ಏನು ಕಳೆದುಹೋಯಿತೆಂದು ನೋಡುವುದು. ಆಮೇಲೆ ಅದೇ ಪದವನ್ನು ಹಾಕಿ ನಮ್ಮ ಮನೆಯ ವಿಷಯದ ಒಂದು ವಾಕ್ಯ ಬರೆಯುವುದು.

1813ರಲ್ಲಿ ಪ್ರಕಟವಾದ ಜೇನ್ ಆಸ್ಟಿನ್‌ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ಮೊದಲ ವಾಕ್ಯವನ್ನೇ ತೆಗೆದುಕೊಳ್ಳಿ. ಅದರಲ್ಲಿ ‘ಯೂನಿವರ್ಸಲಿ’ ಎಂಬ ಪದವಿದೆ. ಅದನ್ನು ಮುಚ್ಚಿದರೆ ವಾಕ್ಯ ತಪ್ಪಾಗುವುದಿಲ್ಲ, ಆದರೆ ತುಂಟತನ ಅರ್ಧ ಹೋಗುತ್ತದೆ. ಒಂದು ಹಳ್ಳಿಯ ತಾಯಂದಿರ ಆಸೆಯನ್ನು ಜಗತ್ತಿನ ಸತ್ಯವೆಂದು ಹಿಗ್ಗಿಸಿ ನಗಿಸುವುದು ಆ ಪದವೇ. ಮಾರ್ಗರೆಟ್ ಮಿಚೆಲ್‌ರ ‘ಗಾನ್ ವಿತ್ ದಿ ವಿಂಡ್’ ಕಾದಂಬರಿ ಬಂದದ್ದು 1936ರಲ್ಲಿ, ಚಿತ್ರ 1939ರಲ್ಲಿ. ನಾಯಕ ಬಿಟ್ಟುಹೋಗುವಾಗ ಆಡುವ ಪ್ರಸಿದ್ಧ ಮಾತಿಗೆ ಚಿತ್ರದವರು ಮೊದಲಲ್ಲಿ ‘ಫ್ರಾಂಕ್ಲಿ’ ಎಂಬ ಪದ ಸೇರಿಸಿದರು, ಕಾದಂಬರಿಯಲ್ಲಿ ಅದಿಲ್ಲ. ಅಲ್ಲಿ ಅದು ಕ್ರಿಯೆ ಹೇಗೆ ನಡೆಯಿತೆಂದು ಹೇಳುವುದಿಲ್ಲ. ಮಾತನಾಡುವವನ ಮನಸ್ಸನ್ನು ಹೇಳುತ್ತದೆ. ಅದೇ ಪದ ‘ಹೀ ಸ್ಪೋಕ್ ಫ್ರಾಂಕ್ಲಿ’ ಎಂಬಲ್ಲಿ ಕೊನೆಗೆ ಬಂದರೆ ಮಾತಿನ ರೀತಿಯನ್ನು ಹೇಳುತ್ತದೆ. ಜಾಗದ ಮಹಿಮೆ!

‘ಓನ್ಲಿ’ ಎಂಬ ಪದವಂತೂ ಎಲ್ಲರನ್ನೂ ಕಾಡುತ್ತದೆ. ಕನ್ನಡದಲ್ಲಿ ‘ಅವಳು ಮಾತ್ರ’, ‘ಹುಡುಗನಿಗೆ ಮಾತ್ರ’, ‘ದೋಸೆ ಮಾತ್ರ’ ಎಂದು ಯಾವುದಕ್ಕೆ ಬೇಕೋ ಅದರ ಬೆನ್ನಿಗೇ ಅಂಟಿಸುತ್ತೇವೆ, ಗೊಂದಲವಿಲ್ಲ. ಇಂಗ್ಲಿಷಿನವರು ಮಾತಿನಲ್ಲಿ ಸಾಮಾನ್ಯವಾಗಿ ಅದನ್ನು ಕ್ರಿಯಾಪದದ ಹತ್ತಿರ ಬಿಟ್ಟು, ಉಳಿದದ್ದನ್ನು ದನಿಗೆ ಒಪ್ಪಿಸುತ್ತಾರೆ. ಬರಹದಲ್ಲಿ ದನಿಯಿಲ್ಲ, ಆದ್ದರಿಂದ ಅಲ್ಲಿ ಜಾಗ ನೋಡಿ ಇಡುವುದು ಕ್ಷೇಮ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹಳೆಯ ಪುಸ್ತಕಗಳಲ್ಲಿ ‘ಪ್ರೆಸೆಂಟ್ಲಿ’ ಎಂದರೆ ‘ಸ್ವಲ್ಪ ಹೊತ್ತಿನಲ್ಲೇ’. ಇಂದು ಬಹಳ ಜನ ಅದನ್ನು ‘ಈಗ’ ಎಂಬ ಅರ್ಥದಲ್ಲಿ ಬಳಸುತ್ತಾರೆ. ಪುಸ್ತಕದಲ್ಲಿ ಕಲಿತದ್ದನ್ನು ಬೀದಿಯಲ್ಲೂ ಒಮ್ಮೆ ಪರೀಕ್ಷಿಸಿ ನೋಡಿ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯಿಂದ ನಮ್ಮ ಅಮ್ಮ ಫೋನಿನಲ್ಲಿ ಮೊಮ್ಮಗಳನ್ನು, “ಅಲ್ಲಿ ಮಳೆ ಹೇಗೆ ಬರ್ತಿದೆ ಕೂಸೇ?” ಎಂದು ಕೇಳಿದರು. “ತುಂಬಾ ಬರ್ತಿದೆ ಅಜ್ಜಿ.” “ತುಂಬಾ ಅಂದ್ರೆ? ಜಿಟಿಜಿಟಿ ಅಂತಲೋ, ಧೋ ಅಂತಲೋ?” ಮಗಳು ನಮ್ಮ ಮುಖ ನೋಡಿದಳು. ಅವಳ ಕನ್ನಡದಲ್ಲಿ ಊಟ ತುಂಬಾ ಚೆನ್ನಾಗಿರುತ್ತದೆ, ಚಳಿ ತುಂಬಾ ಇರುತ್ತದೆ, ಅಜ್ಜಿ ತುಂಬಾ ಇಷ್ಟ. ಇರುವುದು ಒಂದೇ ಪದ. ಅತ್ತ ಅಜ್ಜಿ ಸುಮ್ಮನಾದರು. ಆ ಮೌನ ನಮಗೆ ಚುಚ್ಚಿತು. ‘ಕ್ವೈಟ್’ ಎಂಬುದನ್ನು ಕಲಿಯಲು ಅಷ್ಟೊಂದು ಕಷ್ಟಪಟ್ಟವರು ನಾವು. ‘ಜಿಟಿಜಿಟಿ’ಯನ್ನು ಕೊಡಲು ಮರೆತಿದ್ದೆವು.

ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಅಂಥ ಆಸ್ತಿಯುಳ್ಳ ಭಾಷೆಯ ಮಗು ‘ತುಂಬಾ’ ಎಂಬ ಒಂದೇ ಪದದಲ್ಲಿ ಬಡತನದ ಸಂಸಾರ ಮಾಡಬೇಕೇ?

ಈಗ ನಮ್ಮ ಮನೆಯಲ್ಲಿ ಎರಡು ಪುಸ್ತಕಗಳಿವೆ. ಒಂದರಲ್ಲಿ ಇಂಗ್ಲಿಷ್ ವಾಕ್ಯ, ಇನ್ನೊಂದರಲ್ಲಿ ಕನ್ನಡದ್ದು. ಭಾನುವಾರ ಅಜ್ಜಿ ಫೋನಿನಲ್ಲಿ ಒಂದು ವಾಕ್ಯ ಹೇಳುತ್ತಾರೆ, ಮಗಳು ಬರೆದುಕೊಳ್ಳುತ್ತಾಳೆ, ನಾವು ಒಂದು ಪದ ಮುಚ್ಚಿ ಓದಿಸುತ್ತೇವೆ. ಮೊನ್ನೆ ಕಿಟಕಿಯ ಬಳಿ ನಿಂತಿದ್ದವಳು ತಾನಾಗಿಯೇ, “ಅಪ್ಪ, ಇಲ್ಲಿ ಯಾವಾಗಲೂ ಜಿಟಿಜಿಟಿ ಮಳೆ. ಧೋ ಅನ್ನೋದು ಅಜ್ಜಿ ಊರಲ್ಲಿ ಮಾತ್ರ” ಎಂದಳು. ‘ಮಾತ್ರ’ ಸರಿಯಾದ ಜಾಗದಲ್ಲಿತ್ತು.

ಆ ಸಂಜೆ ಮತ್ತೆ ಕೇಸರಿಬಾತು ಮಾಡಿದೆವು. ಈ ಸಲ ಅರ್ಥ ತಪ್ಪಿರಲಿಲ್ಲ.